ಕಪ್ಪು ಹಕ್ಕಿಗಳೆಲ್ಲ ‘ಬ್ಲ್ಯಾಕ್‌ಬರ್ಡ್’ ಅಲ್ಲ

ಕಾಗೆ ಕಪ್ಪು ಹಕ್ಕಿಯೇ. ಆದರೆ ಇಂಗ್ಲಿಷರ ಪಾಲಿಗೆ ಅದು ‘ಬ್ಲ್ಯಾಕ್‌ಬರ್ಡ್’ ಅಲ್ಲ. ಆ ಹೆಸರಿನ ಹಕ್ಕಿಯೇ ಬೇರೆ; ಅದರಲ್ಲಿ ಹೆಣ್ಣಿನ ಬಣ್ಣ ಕಂದು! ಬರಹದಲ್ಲಿ ಈ ವ್ಯತ್ಯಾಸವನ್ನು ತೋರಿಸುವುದು ಎರಡು ಪದಗಳ ನಡುವಿನ ಖಾಲಿ ಜಾಗ. ಮಾತಿನಲ್ಲಿ ಆ ಕೆಲಸ ಮಾಡುವುದು ಒತ್ತು.

ಎರಡರಲ್ಲೂ ಸಿಲಬಲ್‌ಗಳು, ಅಂದರೆ ಒಂದೊಂದು ಸ್ವರವನ್ನು ಆಧರಿಸಿದ ಉಚ್ಚಾರಣೆಯ ತುಂಡುಗಳು, ಎರಡೇ: ಬ್ಲ್ಯಾಕ್, ಬರ್ಡ್. ಇವು ಕೂಡಿ ಸಮಾಸಪದವಾದಾಗ ಮುಖ್ಯ ಒತ್ತು ಮೊದಲ ತುಂಡಿನ ಮೇಲೆ ಬೀಳುತ್ತದೆ. ಯಾವುದೋ ಹಕ್ಕಿಯ ಬಣ್ಣ ಹೇಳುವಾಗ ಅದು ಎರಡನೆಯದಕ್ಕೆ ಸರಿಯುತ್ತದೆ. ‘ಇಂಗ್ಲಿಷ್ ಟೀಚರ್’ ಎಂಬಲ್ಲಿ ಬರಹವೂ ನೆರವಿಗೆ ಬಾರದು. ‘ಇಂಗ್ಲಿಷ್’ ಮೇಲೆ ಒತ್ತು ಬಿದ್ದರೆ ಇಂಗ್ಲಿಷ್ ಕಲಿಸುವವರು. ‘ಟೀಚರ್’ ಮೇಲೆ ಬಿದ್ದರೆ ಇಂಗ್ಲೆಂಡಿನ ಶಿಕ್ಷಕರು. ಅವರು ಕಲಿಸುವುದು ಗಣಿತವೂ ಇರಬಹುದು.

ಪದವನ್ನು ತುಂಡರಿಸುವ ಮೊದಲು ಬೆಸುಗೆ ಎಲ್ಲಿದೆಯೆಂದು ನೋಡಬೇಕು. ‘ಹಾಟ್‌ಹೌಸ್’ ಪದದಲ್ಲಿ ಟಿ, ಎಚ್ ಅಕ್ಷರಗಳು ಅಕ್ಕಪಕ್ಕ ಬಂದರೂ ಅಲ್ಲಿ ‘ಥ’ ಇಲ್ಲ. ಬೆಸುಗೆ ಹಳೆಯದಾದರೆ ಒತ್ತಿಲ್ಲದ ತುಂಡು ಸವೆಯುವುದೂ ಉಂಟು. ‘ಕಪ್’, ‘ಬೋರ್ಡ್’ ಸೇರಿದ ಪದ ಇಂಗ್ಲಿಷರ ಬಾಯಲ್ಲಿ ‘ಕಬರ್ಡ್’ ಆಗಿದೆ, ‘ಪ’ಕಾರ ಕರಗಿಹೋಗಿದೆ. ಕುರಿ ಕಾಯುವ ‘ಶೆಪರ್ಡ್’ ಪದದ ಎಚ್ ಬರಹದಲ್ಲಷ್ಟೇ ಉಳಿದಿದೆ.

ನಿಯಮಕ್ಕೆ ಅಪವಾದಗಳೂ ಇವೆ. ‘ಆಕ್ಸ್‌ಫರ್ಡ್ ಸ್ಟ್ರೀಟ್’ ಎನ್ನುವಾಗ ಒತ್ತು ಮೊದಲ ಪದಕ್ಕೆ; ‘ಆಕ್ಸ್‌ಫರ್ಡ್ ರೋಡ್’ ಎನ್ನುವಾಗ ‘ರೋಡ್’ ಪದಕ್ಕೆ. ಇಂಥವನ್ನು ಕೇಳಿಯೇ ಕಲಿಯಬೇಕು.

ಎರಡು ಪದ ಒಂದಾದುದಕ್ಕೆ ಕನ್ನಡದಲ್ಲೂ ಗುರುತುಂಟು. ಮಳೆ, ಕಾಲ ಸೇರಿದರೆ ಮಳೆಗಾಲ; ಕಣ್, ಪನಿ ಸೇರಿದರೆ ಕಂಬನಿ. ‘ಕ’ಕಾರ ‘ಗ’ಕಾರವಾಗಿ, ‘ಪ’ಕಾರ ‘ಬ’ಕಾರವಾಗಿ ಬೆಸುಗೆಯನ್ನು ಸಾರುತ್ತವೆ. ಇಲ್ಲಿ ವ್ಯಂಜನ ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಒತ್ತು ಮಾಡುತ್ತದೆ. ಕನ್ನಡದಲ್ಲಿ ಒತ್ತು ಜಾಗ ಬದಲಿಸಿದರೆ ಪದದ ಅರ್ಥ ಬದಲಾಗದು. ಛಂದಸ್ಸು ಕೂಡ ಎಣಿಸುವುದು ಲಘು ಗುರುಗಳ ಕಾಲವನ್ನು, ಬಲವನ್ನಲ್ಲ. ಹೀಗಾಗಿ ಕನ್ನಡಿಗರ ಕಿವಿ ಒತ್ತನ್ನು ಹುಡುಕುವುದೇ ಇಲ್ಲ. ಸ್ಪೆಲ್ಲಿಂಗ್, ವ್ಯಾಕರಣ ಎರಡನ್ನೂ ಚೆನ್ನಾಗಿ ಬಲ್ಲವರ ಮಾತೂ ಕೆಲವೊಮ್ಮೆ ಪರದೇಶದ ಕೇಳುಗರಿಗೆ ಥಟ್ಟನೆ ತಿಳಿಯದಿರಲು ಇದೊಂದು ಕಾರಣ.

ಹಲವು ಇಂಗ್ಲಿಷ್ ನಿಘಂಟುಗಳು ಉಚ್ಚಾರಣೆ ತೋರಿಸುವಾಗ ಒತ್ತಿನ ಸಿಲಬಲ್‌ಗೆ ಮುಂಚೆ, ಮೇಲುಗಡೆ, ಪುಟ್ಟದೊಂದು ನೆಟ್ಟಗೆರೆ ಹಾಕಿರುತ್ತವೆ. ಅರ್ಥ ಹುಡುಕುವ ಅವಸರದಲ್ಲಿ ಕಣ್ಣು ಅದನ್ನು ದಾಟಿಹೋಗುತ್ತದೆ. ಮುಂದಿನ ಸಲ ನಿಘಂಟು ತೆರೆದಾಗ ಆ ಗೆರೆಯ ಬಳಿ ಒಂದು ಕ್ಷಣ ನಿಂತು, ಪದವನ್ನು ಗಟ್ಟಿಯಾಗಿ ಹೇಳಿ ನೋಡಬಹುದು.