ಹದಿನೆಂಟು ತುಂಬಿತು, ಶಾಲೆ ವ್ಯಾನು ನಿಂತಿತು. ಮುಂದೇನು?

ದಾವಣಗೆರೆ: ಎಸ್ಸೆಸ್ಸೆಲ್ಸಿ ರಿಸಲ್ಟು ಬಂತೆಂದರೆ ಊರಿಗೆಲ್ಲ ಸಡಗರ. ಪೇಡ ಹಂಚುವವರೇನು, ಕಾಲೇಜಿನ ಮುಂದೆ ಕ್ಯೂ ನಿಲ್ಲುವವರೇನು, ಸೀಟಿಗಾಗಿ ಪುಢಾರಿಗಳ ಮನೆ ಕಾಯುವವರೇನು! ಇದೇ ಊರಿನಲ್ಲಿ ಇನ್ನೊಂದು ಬಗೆಯ ಮಕ್ಕಳೂ ಇದ್ದಾರೆ. ಇವರ ಶಾಲೆ ಮುಗಿದದ್ದು ಪಕ್ಕದ ಮನೆಯವರಿಗೂ ಗೊತ್ತಾಗುವುದಿಲ್ಲ. ದಿನಾ ಮನೆ ಮುಂದೆ ಬರುತ್ತಿದ್ದ ಶಾಲೆ ವ್ಯಾನು ಒಂದು ದಿನ ಬರುವುದಿಲ್ಲ. ಅಷ್ಟೆ.

ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳು, ಆಟಿಸಂ ಇರುವವರು, ಸೆರೆಬ್ರಲ್ ಪಾಲ್ಸಿಯವರು ಹದಿನೆಂಟು ತುಂಬುವವರೆಗೆ ಹೇಗೋ ಒಂದು ದಿನಚರಿಯಲ್ಲಿರುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಶೇ. 40 ಹಾಗೂ ಅದಕ್ಕೂ ಹೆಚ್ಚು ನ್ಯೂನತೆ ಇರುವವರಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿರುವುದು 6ರಿಂದ 18 ವರ್ಷದವರೆಗೆ. ಆಮೇಲೆ ಮನೆಯ ಮೂಲೆ, ಟೀವಿ, ಕಿಟಕಿ. ನಾಲ್ಕು ವರ್ಷ ಕಷ್ಟಪಟ್ಟು ಕಲಿತದ್ದು ಒಂದೇ ವರ್ಷದಲ್ಲಿ ಮರೆತುಹೋಗುತ್ತದೆ. "ಪಾಪ, ಮನೇಲಿರ್ಲಿ ಬಿಡ್ರಿ, ಅವನಿಗ್ಯಾಕ್ರೀ ದುಡಿಮೆ" ಎಂದು ನೆಂಟರು ಸಮಾಧಾನ ಹೇಳುತ್ತಾರೆ. ಆ ಮಾತು ಕೇಳಿಸಿಕೊಳ್ಳುವ ತಾಯಿಗೆ ಮಾತ್ರ ಗೊತ್ತು, ತಾನು ಕಣ್ಮುಚ್ಚಿದ ಮೇಲೆ 'ಇರ್ಲಿ ಬಿಡ್ರಿ' ಎಂದವರಲ್ಲಿ ಒಬ್ಬರೂ ಬರುವುದಿಲ್ಲವೆಂದು.

ಮೀಸಲಾತಿ ಇದೆಯಲ್ಲ ಎನ್ನುತ್ತೀರಾ? ಇದೆ ಸ್ವಾಮಿ. 1995ರ ಕಾಯ್ದೆಯಲ್ಲಿ ಸರ್ಕಾರಿ ಕೆಲಸದಲ್ಲಿ ಶೇ. 3 ಇತ್ತು, ಆದರೆ ಅದು ಕುರುಡರು, ಕಿವುಡರು, ಕೈಕಾಲು ಊನವಾದವರಿಗೆ ಮಾತ್ರ. 2016ರ ಕಾಯ್ದೆ ಅದನ್ನು ಶೇ. 4ಕ್ಕೆ ಏರಿಸಿ, ಬೌದ್ಧಿಕ ನ್ಯೂನತೆ, ಆಟಿಸಂ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ, ಬಹುವಿಧ ನ್ಯೂನತೆ ಎಲ್ಲಕ್ಕೂ ಸೇರಿಸಿ ಒಂದು ಪರ್ಸೆಂಟು ಕೊಟ್ಟಿತು. ಆ ಒಂದು ಪರ್ಸೆಂಟಿಗೂ ಪರೀಕ್ಷೆ, ಅರ್ಹತೆ, ಸರ್ಟಿಫಿಕೇಟು ಬೇಕು. ಎಂಟರ ಮಗ್ಗಿ ಬಾರದ ಹುಡುಗನಿಗೆ ಈ ಬಾಗಿಲು ದೂರದಿಂದ ನೋಡುವುದಕ್ಕಷ್ಟೆ ಚೆಂದ.

ಓದಿನಲ್ಲಿ ಸ್ವಲ್ಪ ಚುರುಕಿರುವವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ದಾರಿಯುಂಟು. ಅಲ್ಲಿ ಒಂದೊಂದೇ ವಿಷಯ ಪಾಸು ಮಾಡಿಕೊಂಡು ಐದು ವರ್ಷದಲ್ಲಿ ಹತ್ತನೇ ತರಗತಿ ಮುಗಿಸಬಹುದು. ಅದಕ್ಕೂ ಕೆಳಗೆ ಎ, ಬಿ, ಸಿ ಎಂಬ ಮೂರು ಮಟ್ಟಗಳಿವೆ: ಮೂರನೇ, ಐದನೇ, ಎಂಟನೇ ತರಗತಿಗೆ ಸಮ. ಈ ವಿಷಯ ತಿಳಿಯದೆ ಮಗುವನ್ನು ಶಾಲೆ ಬಿಡಿಸಿದವರು ಹಳ್ಳಿಗಳಲ್ಲಿ ಬೇಕಾದಷ್ಟು ಮಂದಿ.

ಆದರೆ ನಿಜವಾದ ಪಾಠ ಪುಸ್ತಕದಲ್ಲಿಲ್ಲ. ಹರಿಹರದ ಬಸ್ಸು ಯಾವುದು, ಎಲ್ಲಿ ಇಳಿಯಬೇಕು, ಇಳಿಯುವ ಜಾಗ ತಪ್ಪಿದರೆ ಯಾರನ್ನು ಕೇಳಬೇಕು? ಐವತ್ತು ಕೊಟ್ಟರೆ ಚಿಲ್ಲರೆ ಎಷ್ಟು ವಾಪಸ್ಸು ಬರಬೇಕು? ಮನೆಯ ಫೋನ್ ನಂಬರು ಬಾಯಿಗೆ ಬರುತ್ತದೆಯೆ? ಹೆಣ್ಣುಮಗಳಾದರೆ ತಿಂಗಳ ದಿನಗಳನ್ನು ತಾನೇ ನೋಡಿಕೊಳ್ಳುವುದು, ಮೈ ಮುಟ್ಟಲು ಬಂದವನಿಗೆ ಗಟ್ಟಿಯಾಗಿ 'ಬೇಡ' ಎಂದು ಕೂಗುವುದು. ಇದನ್ನೆಲ್ಲ ಹದಿನಾಲ್ಕಕ್ಕೇ ಹಿಡಿದರೆ ಹದಿನೆಂಟರ ಹೊತ್ತಿಗೆ ಒಂದು ಹದಕ್ಕೆ ಬರುತ್ತದೆ. ಅಮೆರಿಕದಲ್ಲಿ ಇಂಥ ಮಗುವಿಗೆ ಹದಿನಾರಾಗುವ ಹೊತ್ತಿಗೆ ಶಾಲೆಯ ನಂತರದ ಬದುಕಿನ ಯೋಜನೆಯನ್ನು ಬರೆದಿಡಲೇಬೇಕು ಎಂಬ ಕಾನೂನಿದೆ. ನಮ್ಮಲ್ಲಿ ಹದಿನಾರಾದರೂ ಅ ಆ ಇ ಈ ತಿದ್ದಿಸುತ್ತಲೇ ಕೂತಿರುತ್ತೇವೆ.

ಇನ್ನು ಕಸುಬಿನ ಮಾತು. ವಿಶೇಷ ಶಾಲೆ ಎಂದಕೂಡಲೇ ಮೇಣದ ಬತ್ತಿ, ಅಗರಬತ್ತಿ, ಪೇಪರ್ ಕವರು! ವಾರ್ಷಿಕೋತ್ಸವಕ್ಕೆ ಬಂದ ದೊಡ್ಡ ಮನುಷ್ಯರು ಕನಿಕರಕ್ಕೆ ನಾಲ್ಕು ಬತ್ತಿ ಕೊಂಡು ಹೋಗುತ್ತಾರೆ. ಮರುದಿನ ಕೇಳುವವರಿಲ್ಲ. ಊರಿಗೆ ಬೇಕಾದ ಕೆಲಸವನ್ನಲ್ಲವೆ ಕಲಿಸಬೇಕು? ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳಿವೆ, ಬೆಣ್ಣೆ ದೋಸೆ ಹೋಟೆಲುಗಳಿವೆ, ಚನ್ನಗಿರಿ ಕಡೆ ಹೋದರೆ ಅಡಿಕೆ ಇದೆ, ಸಸಿ ಮಾರುವ ನರ್ಸರಿಗಳಿವೆ. ಬೆಂಗಳೂರಿನಲ್ಲಿ 1959ರಲ್ಲಿ ಶುರುವಾದ ಎಪಿಡಿ ಸಂಸ್ಥೆ ಅಂಗವಿಕಲರಿಗೆ ತೋಟಗಾರಿಕೆ ಕಲಿಸುತ್ತ ಬಂದಿದೆ. ಮಣ್ಣು ಹದ ಮಾಡುವುದು, ಚೀಲಕ್ಕೆ ತುಂಬುವುದು, ನೀರು ಹಾಕುವುದು ದಿನವೂ ಒಂದೇ ಕ್ರಮದಲ್ಲಿ ನಡೆಯುವ ಕೆಲಸ. ನಮಗೆ ಬೇಸರ ತರಿಸುವ ಆ ಒಂದೇ ಕ್ರಮವೇ ಆಟಿಸಂ ಇರುವ ಎಷ್ಟೋ ಹುಡುಗರಿಗೆ ನೆಮ್ಮದಿ.

ಕಲಿಸುವುದಕ್ಕೂ ಒಂದು ರೀತಿಯಿದೆ. ಮಂಡಕ್ಕಿ ಪ್ಯಾಕ್ ಮಾಡುವುದು ನಮ್ಮ ಕಣ್ಣಿಗೆ ಒಂದು ಕೆಲಸ. ಈ ಹುಡುಗನಿಗೆ ಅದು ಎಂಟು ಹತ್ತು ಕೆಲಸ: ಕವರು ಬಿಡಿಸು, ಬಾಯಿ ಅಗಲಿಸು, ಸೇರಿನಲ್ಲಿ ಅಳೆ, ಸುರಿ, ತಟ್ಟು, ಮಡಿಸು, ಸೀಲು ಹಾಕು, ಬುಟ್ಟಿಗೆ ಇಡು. ಒಂದು ಹಂತ ಕೈಗೆ ಕೂತ ಮೇಲೆ ಇನ್ನೊಂದು. ಹೇಳುವುದಕ್ಕಿಂತ ಮಾಡಿ ತೋರಿಸಬೇಕು, ಹಂತಗಳ ಚಿತ್ರ ಬರೆದು ಗೋಡೆಗೆ ಅಂಟಿಸಬೇಕು. ಇನ್ನೊಂದು ತೊಡಕೂ ಇದೆ. ಶಾಲೆಯ ಕೋಣೆಯಲ್ಲಿ ಚೊಕ್ಕವಾಗಿ ಮಾಡಿದ್ದನ್ನು ಅಂಗಡಿಯ ಗದ್ದಲದಲ್ಲಿ ಹುಡುಗ ಮರೆತೇಬಿಡುತ್ತಾನೆ. ಜಾಗ ಬದಲಾದರೆ ಕೆಲಸವೇ ಹೊಸದು ಎನಿಸುತ್ತದೆ. ಆದ್ದರಿಂದ ಅಂಗಡಿಯಲ್ಲೇ ಕಲಿಸಬೇಕು. ಮೊದಲ ಕೆಲವು ವಾರ ಮೇಷ್ಟರು ಜೊತೆಗೆ ನಿಂತು, ಆಮೇಲೆ ಮೆಲ್ಲಗೆ ಹಿಂದೆ ಸರಿಯಬೇಕು. ಮಾಲೀಕರಿಗೂ ಒಂದು ಮಾತು: ದುಡಿದದ್ದಕ್ಕೆ ಕೂಲಿ ಕೊಡಿ, ಚಾ ಕಾಸು ಬೇಡ.

ಕಾಗದ ಪತ್ರದ ವಿಷಯದಲ್ಲಿ ತಂದೆತಾಯಿ ಎಡವುವುದು ಒಂದೇ ಕಡೆ. ಹದಿನೆಂಟು ತುಂಬಿದ ದಿನದಿಂದ ಕಾನೂನಿನ ಕಣ್ಣಿಗೆ ಮಗ ಸ್ವತಂತ್ರ ವ್ಯಕ್ತಿ. ಅಪ್ಪನ ಸಹಿ ತಾನಾಗಿ ನಡೆಯುವುದಿಲ್ಲ. ಬ್ಯಾಂಕಿನಲ್ಲೋ ಆಸ್ತಿ ಪತ್ರದಲ್ಲೋ ಸಿಕ್ಕಿಕೊಂಡಾಗ ಇದು ಗೊತ್ತಾಗುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ನ್ಯೂನತೆ ಇರುವವರಿಗಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಿದೆ. ಅದರಡಿ ಜಿಲ್ಲೆಗೊಂದು ಸ್ಥಳೀಯ ಸಮಿತಿ. ಅದರಲ್ಲಿ ಜಿಲ್ಲಾಧಿಕಾರಿ, ಒಂದು ನೋಂದಾಯಿತ ಸಂಸ್ಥೆಯವರು, ಒಬ್ಬ ಅಂಗವಿಕಲರು ಇರುತ್ತಾರೆ. ಪೋಷಕತ್ವಕ್ಕೆ ಅರ್ಜಿ ಅಲ್ಲಿಗೆ ಕೊಡಬೇಕು, ಕೋರ್ಟು ಅಲೆಯಬೇಕಿಲ್ಲ. ಹಾಗೆಂದು ಎಲ್ಲರಿಗೂ ಪೋಷಕರು ಬೇಕೆಂದೇನೂ ಇಲ್ಲ. ತನ್ನ ಕೂಲಿ ತಾನೇ ಎಣಿಸಿಕೊಳ್ಳಬಲ್ಲ ಹುಡುಗನ ಕೈ ಕಟ್ಟಿಹಾಕುವುದು ಯಾಕೆ? ಅದೇ ನ್ಯಾಸದ 'ನಿರಾಮಯ' ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ರಕ್ಷಣೆ ಉಂಟು.

ಇದಕ್ಕೆಲ್ಲ ಮೊದಲು ಯುಡಿಐಡಿ ಕಾರ್ಡು ಕೈಯಲ್ಲಿರಬೇಕು. ಜಗಳೂರು, ಹೊನ್ನಾಳಿ ಹಳ್ಳಿಗಳವರು ಅದಕ್ಕಾಗಿ ಕೂಲಿ ಬಿಟ್ಟು ದಾವಣಗೆರೆಗೆ ಓಡುವ ಮೊದಲು ತಮ್ಮ ಗ್ರಾಮ ಪಂಚಾಯಿತಿಯಲ್ಲೇ ವಿಚಾರಿಸಬಹುದು. ಅಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ತಾಲೂಕಿಗೊಬ್ಬರು ವಿವಿಧೋದ್ದೇಶ ಕಾರ್ಯಕರ್ತರೂ ಇರುತ್ತಾರೆ. ಅರ್ಜಿ ತುಂಬಿಸಿಕೊಡುವುದು ಅವರ ಕೆಲಸವೇ. ಹುಡುಗನಿಗೆ ಹದಿನೇಳು ನಡೆಯುತ್ತಿದ್ದರೆ ಈ ವಾರವೇ ಹೋಗಿ.