ಜೇನು ಪೆಟ್ಟಿಗೆ ನೀವೇ ಮಾಡ್ತೀರಾ? ಮೊದಲು ರೂಟರ್‌ಗೆ ಒಳ್ಳೆ ಗೈಡ್ ಮಾಡ್ಕೊಳ್ಳಿ

ನಮ್ಮದು ಹುಣಸೂರು ತಾಲ್ಲೂಕು. ಎಲ್ಲರ ಹಾಗೆ ನಾವೂ ಹೊಗೆಸೊಪ್ಪಿನವರೇ. ಹರಾಜು ಮುಗಿದ ಮೇಲೆ ಬ್ಯಾರನ್ ಮನೆ ಖಾಲಿ, ಕೈಯೂ ಖಾಲಿ. ಆ ಬಿಡುವಲ್ಲಿ ಜೇನು ಪೆಟ್ಟಿಗೆ ಮಾಡೋಣ ಅಂತ ಶುರು ಮಾಡಿದೆ. ಸಾಮಿಲ್‌ನಿಂದ ಸಿಲ್ವರ್ ಓಕ್ ಹಲಗೆ ತಂದೆ, ಒಂದು ಚಿಕ್ಕ ರೂಟರ್ ತಗೊಂಡೆ. ಅದನ್ನೇ ಅಂಗಡಿಯವರು ಟ್ರಿಮ್ಮರ್ ಅಂತಾರೆ. ಒಂದು ವಾರದಲ್ಲಿ 12 ಪೆಟ್ಟಿಗೆ ರೆಡಿ. ನೋಡೋಕೆ ಚೆನ್ನಾಗೇ ಇದ್ದವು.

ಐದಕ್ಕೆ ತುಡುವೆ ಜೇನು ಕೂರಿಸಿದೆ. ಎರಡು ತಿಂಗಳಾದ ಮೇಲೆ ಮೇಲಿನ ಅಂತಸ್ತು ಎತ್ತೋಕೆ ಹೋದ್ರೆ ಬರಲೇ ಇಲ್ಲ. ಕೆಳಗಿನ ಫ್ರೇಮಿಗೂ ಮೇಲಿನ ಫ್ರೇಮಿಗೂ ಸೇರಿಸಿ ಎರಿ ಕಟ್ಟಿಬಿಟ್ಟಿದ್ದವು. ಬಲವಾಗಿ ಎತ್ತಿದೆ. ಎರಿ ಹರೀತು, ತುಪ್ಪ ಸುರೀತು, ಇರುವೆ ಮುತ್ತಿದವು. ಹತ್ತು ದಿನದೊಳಗೆ ಐದರಲ್ಲಿ ಮೂರು ಕುಟುಂಬ ಪೆಟ್ಟಿಗೆ ಬಿಟ್ಟು ಹೋದವು.

ತಪ್ಪು ಜೇನಿನದಲ್ಲ, ಮರದ್ದೂ ಅಲ್ಲ. ನನ್ನ ರೂಟರ್ ಗೈಡ್‌ದು.

ಜೇನು ನೋಡೋದು ಮಿಲಿಮೀಟರ್

1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಅನ್ನೋ ಪಾದ್ರಿ ಒಂದು ವಿಷಯ ಗುರುತಿಸಿದರು. ಫ್ರೇಮಿಗೂ ಮುಚ್ಚಳಕ್ಕೂ ನಡುವೆ ಇಂತಿಷ್ಟೇ ಜಾಗ ಬಿಟ್ಟರೆ ಜೇನು ಅಲ್ಲಿ ಎರಿ ಕಟ್ಟಲ್ಲ, ಓಡಾಡೋ ದಾರಿಯಾಗಿ ಬಿಟ್ಟುಕೊಳ್ಳುತ್ತೆ. ಇದನ್ನೇ ಜೇನು ಅಂತರ ಅಂತೀವಿ. ನಮ್ಮ ತುಡುವೆಗೆ ಇದು ಸುಮಾರು 7ರಿಂದ 9 ಮಿ.ಮೀ. ಇದಕ್ಕಿಂತ ಕಡಿಮೆಯಾದ್ರೆ ಹುಳ ನುಸುಳೋಕೆ ಆಗಲ್ಲ, ಫ್ರೇಮ್ ಇಡುವಾಗ ಜಜ್ಜಿ ಸಾಯುತ್ತೆ. ಜಾಸ್ತಿಯಾದ್ರೆ ಅಲ್ಲೂ ಎರಿ ಕಟ್ಟುತ್ತೆ.

ಫ್ರೇಮಿನ ಎರಡು ಕಿವಿ ಕೂರೋಕೆ ಪೆಟ್ಟಿಗೆಯ ಮುಂದಿನ, ಹಿಂದಿನ ಹಲಗೆಯಲ್ಲಿ ಮೆಟ್ಟಿಲಿನಂಥ ಕಚ್ಚು ಹೊಡೀಬೇಕು. ಬಡಗಿಗಳು ರಿಬೇಟ್ ಅಂತಾರೆ. ನನ್ನ ಪೆಟ್ಟಿಗೆ ಲೆಕ್ಕ ಹೀಗೆ: ಕಿವಿ ದಪ್ಪ 8 ಮಿ.ಮೀ., ಅದರ ಮೇಲೆ ಖಾಲಿ ಜಾಗ 8 ಮಿ.ಮೀ. ಅಂದ್ರೆ ಹಲಗೆಯ ಮೇಲಂಚಿನಿಂದ ಕಚ್ಚು 16 ಮಿ.ಮೀ. ಇಳೀಬೇಕು. ಹಲಗೆ ಮಲಗಿಸಿ ಹೊಡೆಯುವಾಗ ಈ 16ನ್ನು ಕಾಯೋದು ಗೈಡ್ ಒಂದೇ. ಆಮೇಲೆ ಅಳೆದು ನೋಡಿದ್ರೆ ನನ್ನ ಒಂದೇ ಹಲಗೆಯಲ್ಲಿ ಒಂದು ತುದಿ 14, ಇನ್ನೊಂದು ತುದಿ 19 ಇತ್ತು! 19 ಇದ್ದ ಕಡೆ 11 ಮಿ.ಮೀ. ಖಾಲಿ ಜಾಗ. ಎರಿ ಕಟ್ಟದೆ ಇನ್ನೇನು ಮಾಡುತ್ತೆ?

ಮಿಷನ್ ಜೊತೆ ಬರೋ ಗೈಡ್ ಯಾಕೆ ಸಾಲಲ್ಲ

ರೂಟರ್ ಡಬ್ಬದಲ್ಲೇ ತಗಡಿನ ಒಂದು ಚಿಕ್ಕ ಗೈಡ್ ಸಾಮಾನ್ಯವಾಗಿ ಬರುತ್ತೆ. ಹಲಗೆಯ ಅಂಚಿಗೆ ಒರಗಿಕೊಂಡು ಹೋಗೋ ಅದರ ಪಟ್ಟಿಯೇ ಫೆನ್ಸ್. ಗೈಡ್ ಕೊಳ್ಳೋ ಮೊದಲು, ಅಥವಾ ಕೈಲಿರೋದನ್ನೇ, ಹೀಗೆ ಪರೀಕ್ಷೆ ಮಾಡಿ:

1. ಉದ್ದ: ಫೆನ್ಸ್ ಚಿಕ್ಕದಿದ್ರೆ ಕಚ್ಚು ಶುರುವಾಗುವಾಗ, ಮುಗಿಯುವಾಗ ಅದರ ಅರ್ಧ ಗಾಳಿಯಲ್ಲಿರುತ್ತೆ. ಅಲ್ಲೇ ರೂಟರ್ ತಿರುಗಿಬಿಡುತ್ತೆ. ನನ್ನ 14–19ರ ಕಥೆಗೆ ಇದೇ ಮೊದಲ ಕಾರಣ.
2. ಅಲುಗಾಟ: ಸ್ಕ್ರೂ ಬಿಗಿ ಮಾಡಿ ಫೆನ್ಸ್ ತುದಿ ಹಿಡಿದು ಅಲ್ಲಾಡಿಸಿ. ಕೈಗೆ ಅಲುಗಿದ್ರೆ ಕೆಲಸದಲ್ಲಿ ಖಂಡಿತ ಅಲುಗುತ್ತೆ.
3. ನೇರ: ಉಕ್ಕಿನ ಸ್ಕೇಲ್ ಫೆನ್ಸ್‌ಗೆ ಒತ್ತಿ, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ನಡುವೆ ಬೆಳಕು ಕಂಡ್ರೆ ಡೊಂಕು.
4. ಸಣ್ಣ ಹೊಂದಾಣಿಕೆ: ಅರ್ಧ ಮಿಲಿಮೀಟರ್ ಸರಿಸೋಕೆ ತಿರುಪು ಇದೆಯಾ? ಸುತ್ತಿಗೇಲಿ ತಟ್ಟಿ ಸರಿಸೋದು ಅದೃಷ್ಟದ ಆಟ.

ಗೈಡ್ ಗಟ್ಟಿಯಾಗಿದ್ದು ಫೆನ್ಸ್ ಮಾತ್ರ ಚಿಕ್ಕದಿದ್ರೆ ಬಿಸಾಡಬೇಡಿ. ಅದರ ತೂತಿನಲ್ಲಿ ಎರಡು ಸ್ಕ್ರೂ ಹಾಕಿ 300 ಮಿ.ಮೀ. ಉದ್ದದ ನೇರ ಮರದ ಪಟ್ಟಿ ಜೋಡಿಸಿ. ಅರ್ಧ ಸಮಸ್ಯೆ ಅಲ್ಲೇ ಹೋಗುತ್ತೆ.

ನಾನು ಮಾಡಿಕೊಂಡ ಗೈಡ್

ಬೇಕಾಗಿದ್ದು: 9 ಮಿ.ಮೀ. ಪ್ಲೈವುಡ್ ತುಂಡು (300 × 180 ಮಿ.ಮೀ.), 300 ಮಿ.ಮೀ. ಉದ್ದ, 25 ಮಿ.ಮೀ. ಎತ್ತರದ ಒಣಗಿದ ತೇಗದ ಪಟ್ಟಿ, ಎರಡು 6 ಮಿ.ಮೀ. ಬೋಲ್ಟು, ಎರಡು ವಿಂಗ್ ನಟ್, ಒಂದು ಗೇಣು ಎಂ6 ಥ್ರೆಡ್ ರಾಡ್, ಅದಕ್ಕೊಂದು ನಟ್. ನನಗೆ 400 ರೂಪಾಯಿ ಒಳಗೇ ಆಯ್ತು.

ರೂಟರ್‌ನ ತಳದ ಪ್ಲೇಟ್ ಬಿಚ್ಚಿ, ಪ್ಲೈ ಮೇಲಿಟ್ಟು ತೂತಿನ ಗುರುತು ಹಾಕ್ಕೊಳ್ಳಿ. ಪ್ಲೇಟ್ ಬದಲು ಪ್ಲೈಯನ್ನೇ ಕೂರಿಸಿ. ಸ್ಕ್ರೂ ತಲೆ ಒಳಗೆ ಹುದುಗಿರಲಿ. ಬಿಟ್ ಬರೋಕೆ 25 ಮಿ.ಮೀ. ತೂತು. ಪ್ಲೈಯ ಎರಡೂ ತುದಿಗೆ 60 ಮಿ.ಮೀ. ಉದ್ದದ ಸೀಳು ಮಾಡಿ. ತೇಗದ ಫೆನ್ಸ್ ಕೆಳಗಿರುತ್ತೆ, ಬೋಲ್ಟು ಸೀಳಿನಲ್ಲಿ ಮೇಲೆ ಬರುತ್ತೆ, ವಿಂಗ್ ನಟ್ ಬಿಗಿ ಮಾಡಿದ್ರೆ ನಿಲ್ಲುತ್ತೆ. ಫೆನ್ಸ್ ನಡುವೆ ಬಿಟ್‌ಗೆ ತಾಗದ ಹಾಗೆ ಸ್ವಲ್ಪ ಕಚ್ಚು ತೆಗೆದಿಡಿ.

ಈಗ ಮುಖ್ಯವಾದದ್ದು. ಫೆನ್ಸ್ ಹಿಂದೆ ಪ್ಲೈಗೆ ಒಂದು ಮರದ ತುಂಡು ಗಟ್ಟಿಯಾಗಿ ಕೂರಿಸಿ. ಅದರಲ್ಲಿ ತೂತು ಹಾಕಿ ನಟ್ ಹುದುಗಿಸಿ, ಎಪಾಕ್ಸಿ ಹಾಕಿ. ಥ್ರೆಡ್ ರಾಡ್ ಅದರೊಳಗೆ ತಿರುಗಿ ಬಂದು ಫೆನ್ಸ್ ಅನ್ನು ತಳ್ಳಬೇಕು. ಸಾಮಾನ್ಯ ಎಂ6 ರಾಡ್‌ನಲ್ಲಿ ಒಂದು ಸುತ್ತು ಅಂದ್ರೆ ಸರಿಯಾಗಿ 1 ಮಿ.ಮೀ. ಕಾಲು ಸುತ್ತು ಅಂದ್ರೆ 0.25. ಎಂ8 ತಂದ್ರೆ ಒಂದು ಸುತ್ತಿಗೆ 1.25, ಲೆಕ್ಕ ತೊಡಕು. ಅಂತರ ಜಾಸ್ತಿ ಬೇಕಾದ್ರೆ ರಾಡ್ ಹಿಂದೆ ತಿರುಗಿಸಿ, ಫೆನ್ಸ್ ಎಳೆದು ರಾಡ್‌ಗೆ ಒತ್ತಿ, ಬಿಗಿ ಮಾಡಿ.

ಫೆನ್ಸ್ ಪ್ಲೈಗೆ ಸಮಾನಾಂತರ ಇಲ್ವಲ್ಲ ಅಂತ ತಲೆ ಕೆಡಿಸ್ಕೋಬೇಡಿ. ಬಿಟ್ ದುಂಡಗಿರೋದು, ಅದಕ್ಕೂ ಫೆನ್ಸ್ ಗೆರೆಗೂ ಇರೋ ದೂರ ಬದಲಾಗದಿದ್ರೆ ಸಾಕು. ಫೆನ್ಸ್ ಮಾತ್ರ ನೇರ ಇರಲಿ, ಅಲುಗದಿರಲಿ.

ಹೊಡೆಯೋ ಕ್ರಮ

ಹಲಗೆ ಒಣಗಿರಬೇಕು. ಹಸಿ ಹಲಗೆ ಆಮೇಲೆ ಕುಗ್ಗಿ ನಿಮ್ಮ ಅಳತೆಯನ್ನೆಲ್ಲ ಕೆಡಿಸುತ್ತೆ. ಮೊದಲು ಅಂಚನ್ನು ಉಜ್ಜುಗೊರಡಿನಿಂದ ನೇರ ಮಾಡಿ. ಗೈಡ್ ಅಂಚನ್ನೇ ನಕಲು ಮಾಡುತ್ತೆ, ಅಂಚು ಡೊಂಕಾದ್ರೆ ಕಚ್ಚೂ ಡೊಂಕು. ಹಲಗೆಯನ್ನು ಮೇಜಿನಿಂದ ಸ್ವಲ್ಪ ಹೊರಚಾಚಿ ಸಿ-ಕ್ಲಾಂಪ್ ಹಾಕಿ.

ಫೆನ್ಸ್‌ನಿಂದ ಬಿಟ್‌ನ ಆಚೆ ಕಡೆ ಹಲ್ಲಿನವರೆಗೆ ಕ್ಯಾಲಿಪರ್‌ನಲ್ಲಿ 16 ಇಟ್ಟು, ಬಿಸಾಡೋ ತುಂಡಿನ ಮೇಲೆ ಹೊಡೆದು ಅಳೀರಿ. 16.5 ಬಂತಾ? ರಾಡ್ ಅರ್ಧ ಸುತ್ತು ಒಳಗೆ. ಸರಿ ಬಂದ ತುಂಡಿನ ಮೇಲೆ ಅಳತೆ ಬರೆದು ಇಟ್ಕೊಳ್ಳಿ, ಮುಂದಿನ ಸಲ ಅದೇ ನಿಮ್ಮ ಮಾದರಿ. ಒಂದೇ ಸೆಟ್ಟಿಂಗ್‌ನಲ್ಲಿ ಎಲ್ಲ ಪೆಟ್ಟಿಗೆಯ ಹಲಗೆಗೂ 16ರ ಗೆರೆ ಹೊಡೆದು ಮುಗಿಸಿ. ಅಂಚಿನಲ್ಲಿ ಉಳಿದ ಸಣ್ಣ ಪಟ್ಟಿಯನ್ನು ಆಮೇಲೆ ಫೆನ್ಸ್ ಸರಿಸಿ ತೆಗೀರಿ.

ಮುಂದಕ್ಕೆ ತಳ್ಳುವಾಗ ಫೆನ್ಸ್ ನಿಮ್ಮ ಬಲಗಡೆ, ಹಲಗೆ ಎಡಗಡೆ ಇರಬೇಕು. ಮೇಲಿಂದ ನೋಡಿದ್ರೆ ಬಿಟ್ ಗಡಿಯಾರದ ಹಾಗೆ ತಿರುಗುತ್ತೆ, ಹಾಗಾಗಿ ರೂಟರ್ ಎಡಕ್ಕೆ ಎಳೆಯುತ್ತೆ, ಫೆನ್ಸ್ ತಾನೇ ಅಂಚಿಗೆ ಒತ್ತಿಕೊಳ್ಳುತ್ತೆ. ಉಲ್ಟಾ ಹೋದ್ರೆ ಮಿಷನ್ ಕೈ ತಪ್ಪಿ ಓಡುತ್ತೆ. ಒಂದೇ ಸಲಕ್ಕೆ ಪೂರ್ತಿ ಆಳ ಬೇಡ, ಸಲಕ್ಕೆ 2–3 ಮಿ.ಮೀ. ಸಾಕು.

ಬಿಟ್ ಬದಲಿಸುವಾಗ ಪ್ಲಗ್ ಕಿತ್ತಿಡಿ. ಕನ್ನಡಕ, ಮಾಸ್ಕ್ ಹಾಕ್ಕೊಳ್ಳಿ. ಕಾಲು ಇಂಚಿನ ಕಾಲೆಟ್ ಅಂದ್ರೆ 6.35 ಮಿ.ಮೀ. ಅದರಲ್ಲಿ 6 ಮಿ.ಮೀ. ಬಿಟ್ ಹಾಕಬೇಡಿ, ಹಿಡಿತ ತಪ್ಪಿ ಹಾರುತ್ತೆ.

ಕೊನೆಗೆ

ಹಳೇ 12ರಲ್ಲಿ ಏಳಕ್ಕೆ ಪಟ್ಟಿ ಅಂಟಿಸಿ ಕಚ್ಚು ಮತ್ತೆ ಹೊಡೆದೆ, ಉಳಿದವು ಒಲೆಗೆ ಹೋದವು. ಈ ಸಲ ಮೇಲಿನ ಅಂತಸ್ತು ಎತ್ತಿದ್ರೆ ಡಬ್ಬದ ಮುಚ್ಚಳ ತೆಗೆದ ಹಾಗೆ ಬರುತ್ತೆ. ಕೆ.ಆರ್. ನಗರದ ತೆಂಗಿನ ತೋಟ ಇರಲಿ, ಪಿರಿಯಾಪಟ್ಟಣದ ಕಡೆಯ ಸಿಲ್ವರ್ ಓಕ್ ಸಾಲಿರಲಿ, ಎಚ್.ಡಿ. ಕೋಟೆಯ ಕಾಡಂಚಿರಲಿ, ಜೇನಿಗೆ ಮೇವು ನಮ್ಮಲ್ಲಿ ಇದೆ. ಪೆಟ್ಟಿಗೆ ಕೊಳ್ಳೋದಾದ್ರೆ ತೋಟಗಾರಿಕೆ ಇಲಾಖೆಯಲ್ಲಿ ಸಹಾಯಧನ ವಿಚಾರಿಸಿ. ನೀವೇ ಮಾಡೋದಾದ್ರೆ ಮೊದಲ ಹಲಗೆ ಕೊಯ್ಯೋ ಮೊದಲು ಒಂದು ದಿನ ಗೈಡ್‌ಗೆ ಕೊಡಿ. ಆ ಒಂದು ದಿನ ಉಳಿಸೋಕೆ ಹೋಗಿ ನಾನು ಮೂರು ಕುಟುಂಬ ಕಳ್ಕೊಂಡೆ.