ಹೆರಿಗೆಗೆ ಹಳ್ಳಕ್ಕಿಳಿಯುವ ಮರಗಪ್ಪೆ

ಮಕ್ಕಳೇ, ಮಳೆಗಾಲದ ರಾತ್ರಿ ಅಂಗಳದ ದೀಪದ ಕೆಳಗೆ ಹುಳ ಹಿಡಿಯಲು ಬಂದು ಕೂರುವ ಒರಟು ಮೈಯ ಕಪ್ಪೆಯನ್ನು ನೋಡಿದ್ದೀರಲ್ಲ? ಅದು ನೆಲಗಪ್ಪೆ. ಮೈತುಂಬ ಗುಳ್ಳೆ, ಗಿಡ್ಡ ಕಾಲು. ಅದು ಮರ ಹತ್ತುತ್ತದೆ ಎಂದರೆ ಅಜ್ಜನೂ ನಕ್ಕಾರು! ಆದರೆ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್ ಕಡೆಯ ಮಳೆಕಾಡಿನಲ್ಲಿ ಅದರ ದಾಯಾದಿಯೊಂದು ಮರದಲ್ಲೇ ಸಂಸಾರ ಹೂಡಿದೆ. ಹೆಸರು ಮಲಬಾರ್ ಮರಗಪ್ಪೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇದಿಲ್ಲ.

ಗಾತ್ರ ಸುಮಾರು ನಾಲ್ಕು ಸೆಂಟಿಮೀಟರ್. ಕಂದು ಮೈ, ಪಕ್ಕೆಯಲ್ಲಿ ಬಿಳಿ ಪಟ್ಟೆ. ಬೆರಳ ತುದಿಯಲ್ಲಿ ಅಂಟಿಕೊಳ್ಳುವ ಪುಟ್ಟ ಬಿಲ್ಲೆಗಳಿವೆ. ಹಾಗಾಗಿ ಮರ ಹತ್ತುವುದು ಸಲೀಸು. ಹಗಲೆಲ್ಲ ಪೊಟರೆಯಲ್ಲಿ ಅಡಗಿದ್ದು, ರಾತ್ರಿ ಹೊರಬರುತ್ತದೆ.

ಮುಂಗಾರು ಶುರುವಾಗುತ್ತಿದ್ದಂತೆ ಗಂಡು ಕೊಂಬೆಯ ಮೇಲೆ ಕುಳಿತು ಕೀರಲು ದನಿಯಲ್ಲಿ ಕೂಗುತ್ತದೆ. ಕೇಳಿದವರು ಜೀರುಂಡೆ ಎಂದುಕೊಳ್ಳಬೇಕು! ಮೆಚ್ಚಿ ಬಂದ ಹೆಣ್ಣು ಗಂಡನ್ನು ಬೆನ್ನ ಮೇಲೆ ಕೂರಿಸಿಕೊಂಡು ಮರದಿಂದ ಇಳಿಯುತ್ತದೆ. ಹೆರಿಗೆಗೆ ಮಗಳು ತವರಿಗೆ ಹೋದಂತೆ ಸಣ್ಣ ಹಳ್ಳದತ್ತ ಅದರ ಪಯಣ. ಅಲ್ಲಿನ ತಿಳಿನೀರಿನ ಗುಂಡಿಯಲ್ಲಿ ಕಪ್ಪು ಮಣಿಸರದಂತೆ ಮೊಟ್ಟೆಗಳನ್ನಿಡುತ್ತದೆ.

ಈ ಕಪ್ಪೆಯನ್ನು ವಿಜ್ಞಾನ ಲೋಕಕ್ಕೆ ಪರಿಚಯಿಸಿದವರು ಆಲ್ಬರ್ಟ್ ಗುಂಥರ್. ಅದಾಗಿ ಸುಮಾರು 150 ವರ್ಷ. ಆಮೇಲೆ ಒಂದು ಶತಮಾನ ಅದರ ಸುಳಿವೇ ಇರಲಿಲ್ಲ. 1980ರಲ್ಲಿ ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಮತ್ತೆ ಸಿಕ್ಕಿತು. ಅದು ಎಲ್ಲೆಲ್ಲಿದೆ ಎಂದು ನಕ್ಷೆ ಮಾಡಲು ಕಪ್ಪೆ ತಜ್ಞ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಜನಸಾಮಾನ್ಯರ ನೆರವನ್ನೂ ಪಡೆದಿದ್ದಾರೆ.

ಈಗ ಇದು ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ. ಏಕೆ ಗೊತ್ತೇ? ಇದಕ್ಕೆ ಎರಡು ಮನೆ ಬೇಕು: ಪೊಟರೆಯಿರುವ ಹಳೆಯ ಮರ, ಹತ್ತಿರದಲ್ಲೇ ಹರಿಯುವ ಹಳ್ಳ. ಮರ ಕಡಿದರೆ ಮನೆ ಹೋಯಿತು. ಹಳ್ಳ ಬತ್ತಿದರೆ ತವರು ಹೋಯಿತು. ಎರಡೂ ಇದ್ದು ನಡುವೆ ಅಗಲ ರಸ್ತೆ ಬಂದರೆ ದಾರಿಯೇ ಹೋಯಿತು. ದಾಂಡೇಲಿ, ಜೋಯಿಡಾ ಸುತ್ತಲಿನ ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಹುಲಿಗಾಗಿ ಕಾಡು ಉಳಿದರೆ, ಹೆಬ್ಬೆರಳಷ್ಟಿರುವ ಈ ಕಪ್ಪೆಗೂ ನೆಲೆ ಉಳಿಯುತ್ತದೆ. ಪೂರ್ವದ ಹಳಿಯಾಳ, ಮುಂಡಗೋಡ ಕಡೆ ಕಾಡಿದ್ದರೂ ಮಳೆ ಕಡಿಮೆ; ಇದಕ್ಕೆ ಬೇಕಾದ ತೇವ ಘಟ್ಟದ ನೆತ್ತಿಯ ಕಾಡಿನದು. ಅದು ಹೋದರೆ ಇಲ್ಲಿಗೆ ಗುಳೆ ಬರೋಣವೆಂದರೆ ಆಗದು.

ಅಜ್ಜ, ಅಜ್ಜಿಯರೇ, ನೀವು ಚಿಕ್ಕವರಿದ್ದಾಗ ಈಜಾಡಿದ ಹಳ್ಳ ಈಗಲೂ ಹರಿಯುತ್ತಿದೆಯೇ? ಈ ಮಳೆಗಾಲದಲ್ಲಿ ಮೊಮ್ಮಕ್ಕಳನ್ನು ಕರೆದೊಯ್ದು ತೋರಿಸಿ. ಮಕ್ಕಳೇ, ಅಲ್ಲಿ ಕಪ್ಪೆ ಕಂಡರೆ ಹಿಡಿಯಬೇಡಿ. ಸುಮ್ಮನೆ ನಿಂತು ದನಿ ಕೇಳಿ.